ಎಡಗೈಯ ಸಹಿ

ಅಂದು ಬೆಳಗಾಗುವಾಗ ಊರಿನ ಮೇಲೆ ಮಂಜು ಕವಿದಿತ್ತು. ಎಂಟು ಗಂಟೆಯಾದರೂ ಎದುರು ಕಟ್ಟಡದ ಮೂರನೆಯ ಮಹಡಿಯಿಂದ ಮೇಲಕ್ಕೆ ಏನಿದೆಯೆಂದು ಹೇಳುವಂತಿರಲಿಲ್ಲ. ಆಕಾಶವೇ ಇಳಿದು ಬಂದು ಜನರ ಕಿಟಕಿಯ ಹೊರಗೆ ಕೂತಂತಿತ್ತು. ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನದಿಂದ ಹಸಿಹಸಿಯಾಗಿಯೇ ಇತ್ತು. ಇಂಥ ಹವೆಯಲ್ಲಿ ಅಚ್ಚಿಗೆ ಸುರಿದ ಪ್ಲಾಸ್ಟರ್ ಒಣಗುವುದಿಲ್ಲ, ಹಲಗೆಗೆ ಬಳಿದ ಬಣ್ಣ ಒಣಗುವುದಿಲ್ಲ, ಮನೆಯವರ ಸಿಟ್ಟೂ ಆರುವುದಿಲ್ಲ.

ಮನೆಯೊಳಗೆ ಗಂಡ ಸೂಟ್‌ಕೇಸುಗಳನ್ನು ತೂಗುತ್ತಿದ್ದ. ಅವನು ಲಿಫ್ಟ್ ಮೆಕ್ಯಾನಿಕ್. ತೂಕದ ವಿಷಯದಲ್ಲಿ ಯಾರ ಮಾತನ್ನೂ ಕೇಳುವವನಲ್ಲ. ವಿಮಾನದಲ್ಲಿ ತಲೆಗೆ ಇಪ್ಪತ್ತಮೂರು ಕಿಲೋದಂತೆ ಮೂರು ಜನಕ್ಕೆ ಮೂರು ಪೆಟ್ಟಿಗೆ. ಪೆಟ್ಟಿಗೆಯನ್ನು ಮಗುವಿನಂತೆ ಅಪ್ಪಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುವುದು, ಬಂದ ಅಂಕಿಯಿಂದ ತನ್ನ ತೂಕವನ್ನು ಕಳೆಯುವುದು, ಇದು ಅವನ ಕ್ರಮ. ಆದರೆ ಎರಡು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದು ಅವನೇ ಎರಡು ಕಿಲೋ ಇಳಿದುಹೋಗಿದ್ದ. ಅದನ್ನು ಮರೆತು ಹಳೆಯ ತೂಕವನ್ನೇ ಕಳೆಯುತ್ತ, ಇನ್ನೂ ಜಾಗವಿದೆ ಎಂದುಕೊಂಡು ಮೂರನ್ನೂ ತುಂಬಿದ್ದ. ನಿನ್ನೆ ಮಗಳು ಅದನ್ನು ಕಂಡುಹಿಡಿದಿದ್ದಳು. ಈಗ ಕಟ್ಟಿದ ಗಂಟನ್ನೆಲ್ಲ ಬಿಚ್ಚಬೇಕಾಗಿತ್ತು.

“ಲಿಫ್ಟಲ್ಲಿ ಆರು ಜನ ಅಂತ ಬರೆದಿದ್ರೆ ಆರೇ ಜನ,” ಎಂದು ಅವನು ಹೆಂಡತಿಯ ಸಲಕರಣೆ ಪೆಟ್ಟಿಗೆಯನ್ನು ಎತ್ತಿ ನೋಡಿದ. “ಇದೊಂದೇ ನಾಲ್ಕು ಕಿಲೋ ಇದೆ ಕಣೇ. ಚಮಚ ಚಾಕು ಎಲ್ಲ ಅಲ್ಲಿ ಅವರೇ ಕೊಡಲ್ವಾ?”

“ಚಮಚ ಅಲ್ಲ ರೀ, ಮೇಣ ಕೆತ್ತೋದು. ಕೈಗೆ ಒಗ್ಗಿದ್ದು.”

“ಈ ಬೋಳು ಬ್ರಷ್ಷು? ಇದೂ ಒಗ್ಗಿದ್ದಾ?”

ಅವನು ಅದನ್ನು ಬಿಸಾಡುವ ರಾಶಿಗೆ ಎಸೆದ. ಹರಿದ ಚಪ್ಪಲಿ, ಹಳೆಯ ಕ್ಯಾಲೆಂಡರುಗಳ ನಡುವೆ ಅದು ಸದ್ದಿಲ್ಲದೆ ಬಿತ್ತು. ಅವನು ಬೆನ್ನು ತಿರುಗಿಸಿದಾಗ ಹೆಂಡತಿ ಬಗ್ಗಿ ಆರಿಸಿ, ಕರವಸ್ತ್ರದಲ್ಲಿ ಸುತ್ತಿ, ತನ್ನ ಕೈಚೀಲದೊಳಗೆ ಇಟ್ಟುಕೊಂಡಳು.

ಅವಳನ್ನು ಜನ ಹಲ್ಲಮ್ಮ ಎಂದು ಕರೆಯುತ್ತಿದ್ದರು. ದಂತವೈದ್ಯರ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ ಮಾಡುವುದು ಅವಳ ಕೆಲಸ. ಯಾರದೋ ಬೋಳು ದವಡೆಯ ಅಚ್ಚು ಅವಳ ಮೇಜಿಗೆ ಬರುತ್ತಿತ್ತು; ಅವಳು ಮೇಣದಲ್ಲಿ ಒಸಡು ಕೆತ್ತಿ, ಒಂದೊಂದೇ ಹಲ್ಲು ಕೂರಿಸಿ, ಆ ಕಾಣದ ಮುಖಕ್ಕೆ ಒಂದು ನಗುವನ್ನು ಕಳಿಸಿಕೊಡುತ್ತಿದ್ದಳು. ಇಪ್ಪತ್ತು ವರ್ಷದ ಆ ಕೈಕೆಲಸ ನೋಡಿ ಕಡಲಾಚೆಯ ಒಂದು ಕಾರ್ಖಾನೆ ಕರೆದಿತ್ತು. ಮೂರು ವರ್ಷದ ಕರಾರು. ಗಂಡ, ಮಗಳು ಜೊತೆಗೆ ಬರಬಹುದು. ಹೊರಡಲು ಒಂಬತ್ತು ದಿನವಿತ್ತು. ಹದಿನಾಲ್ಕು ಬಗೆಯ ಕಾಗದಗಳಲ್ಲಿ ಹದಿಮೂರಕ್ಕೆ ವೀಸಾ ಕಚೇರಿಯ ಒಪ್ಪಿಗೆ ಸಿಕ್ಕಿತ್ತು. ಹದಿನಾಲ್ಕನೆಯದು, ಹದಿಮೂರು ವರ್ಷದ ಮಗಳನ್ನು ದೇಶದಾಚೆ ಕರೆದೊಯ್ಯಲು ನನ್ನ ಅಡ್ಡಿಯಿಲ್ಲ ಎಂದು ಅವಳ ಹೆತ್ತ ತಂದೆ ಬರೆದುಕೊಡಬೇಕಾದ ಪತ್ರ.

ಮಗಳ ಹೆತ್ತ ತಂದೆ ಈ ಲಿಫ್ಟಿನವನಲ್ಲ. ಇವನನ್ನು ಮಗಳು ಪಪ್ಪಾ ಎನ್ನುತ್ತಿದ್ದಳು. ಅಪ್ಪ ಬೇರೆ ಇದ್ದ. ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಮಗಳಿಗೆ ಚುಕ್ಕಿ ಎಂದು ಹೆಸರಿಟ್ಟವನೂ ಅವನೇ. ಹಲ್ಲಮ್ಮ ಎಂಬ ಹೆಸರೂ ಅವನ ಬಾಯಿಂದಲೇ ಬಂದದ್ದು. ಹನ್ನೊಂದು ವರ್ಷದ ಹಿಂದೆ ಕೋರ್ಟಿನಲ್ಲಿ ಬೇರೆಯಾದರೂ ಅವನಿಟ್ಟ ಹೆಸರು ಮಾತ್ರ ಅವಳಿಗೆ ಅಂಟಿಕೊಂಡೇ ಉಳಿದಿತ್ತು.

ಹೋದ ಭಾನುವಾರ ಹಲ್ಲಮ್ಮ ಆ ಪತ್ರವನ್ನು ಚುಕ್ಕಿಯ ಕೈಯಲ್ಲೇ ಕೊಟ್ಟು ಕಳಿಸಿದ್ದಳು. ತಾನೇ ಹೋಗಬಹುದಿತ್ತು. ಹೋಗಲಿಲ್ಲ. ಸಂಜೆ ಚುಕ್ಕಿ ಸಹಿಯಾದ ಕಾಗದ ತಂದು ಮೇಜಿನ ಮೇಲಿಟ್ಟು, “ಅಪ್ಪ ಎಷ್ಟು ಹೊತ್ತು ಪೆನ್ನು ಹಿಡ್ಕೊಂಡು ಕೂತಿದ್ರು ಗೊತ್ತಾಮ್ಮ? ನಾನು ಎರಡು ಪಾಠ ಓದಿ ಮುಗಿಸ್ದೆ,” ಎಂದಿದ್ದಳು.

ಮಂಜಿನ ಆ ಬೆಳಗ್ಗೆಯೇ ವೀಸಾ ಕಚೇರಿಯ ಗುಮಾಸ್ತೆ ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ ಆ ಸಹಿಯನ್ನು ನೋಡಿದಳು. ಗಾಜಿನ ಈಚೆ ಹಲ್ಲಮ್ಮ, ಅವಳ ಹಿಂದೆ ಇಪ್ಪತ್ತು ಜನ. ಸಹಿ ಅಂದರೆ ಅದು ಸಹಿ. ಮೊದಲ ಅಕ್ಷರ ಕತ್ತು ಬಾಗಿಸಿ ನೀರಿಗಿಳಿದ ಹಂಸದಂತಿತ್ತು. ಕೊನೆಯ ಅಕ್ಷರದ ಬಾಲ ಹಿಂತಿರುಗಿ ಬಂದು ಇಡೀ ಹೆಸರಿಗೆ ಚಾಪೆ ಹಾಸಿತ್ತು.

“ಅಮ್ಮಾ, ಇದು ಸಹಿನೋ ಚಿತ್ರಾನೋ?” ಎಂದಳು ಗುಮಾಸ್ತೆ. ಪಕ್ಕದವಳಿಗೂ ತೋರಿಸಿದಳು. ಆಮೇಲೆ ಕಡತದಿಂದ ಕೋರ್ಟಿನ ಆದೇಶದ ನಕಲನ್ನು ತೆಗೆದು ಪಕ್ಕದಲ್ಲಿಟ್ಟಳು. “ಇಲ್ನೋಡಿ. ದಾಖಲೆಯಲ್ಲಿರೋದು ಇದು. ಎರಡೂ ಒಬ್ಬರದೇ ಅಂದ್ರೆ ಯಾರು ನಂಬ್ತಾರೆ?”

ಆದೇಶದ ಕೆಳಗಿದ್ದ ಸಹಿ ಜಜ್ಜಿದ ಜಿರಳೆಯ ಕಾಲುಗಳ ಹಾಗೆ ಅಡ್ಡಾದಿಡ್ಡಿ ಬಿದ್ದಿತ್ತು.

“ಒಬ್ಬರದೇ ಮೇಡಂ. ದೇವರಾಣೆಗೂ.”

“ದೇವರು ಬಂದು ಇಲ್ಲಿ ಸಹಿ ಹೋಲಿಸಲ್ಲಮ್ಮ, ನಾನು ಹೋಲಿಸಬೇಕು. ದಾಖಲೆಯಲ್ಲಿ ಹೇಗಿದೆಯೋ ಹಾಗೇ ಸಹಿ ಮಾಡಿಸ್ಕೊಂಡು ನಾಲ್ಕು ಗಂಟೆಯೊಳಗೆ ತನ್ನಿ. ಇವತ್ತು ತಪ್ಪಿದ್ರೆ ಮುಂದಿನ ಸರದಿ ಇಪ್ಪತ್ತೆರಡು ದಿನ ಆದ್ಮೇಲೆ.”

ಇಪ್ಪತ್ತೆರಡು ದಿನದ ಹೊತ್ತಿಗೆ ಆ ಕೆಲಸ ಇನ್ನೊಬ್ಬಳದಾಗಿರುತ್ತದೆ. ಇಲ್ಲವೇ ಚುಕ್ಕಿಯನ್ನು ಬಿಟ್ಟು ಹೊರಡಬೇಕು. ಹಲ್ಲಮ್ಮ ಗುಮಾಸ್ತೆ ಕೊಟ್ಟ ಖಾಲಿ ನಮೂನೆಯನ್ನೂ ಕೋರ್ಟಿನ ಕಾಗದವನ್ನೂ ಮಡಚಿಕೊಂಡು ಬೀದಿಗಿಳಿದಳು. ಮಂಜು ಇನ್ನೂ ಹಾಗೇ ಇತ್ತು. ದೇವರೇ, ಇದೊಂದು ದಿನ ದಾಟಿಸಪ್ಪ ಎಂದು ಬಸ್ಸಿನ ಕಂಬಿ ಹಿಡಿದು ಬೇಡಿಕೊಂಡಳು. ಬೇಡುತ್ತಲೇ ಅವಳಿಗೆ ನಾಚಿಕೆಯಾಯಿತು. ಮೇಲಿರುವವನ ಹತ್ತಿರ ಏನನ್ನಾದರೂ ಕೇಳುವವಳ ಚೀಲದಲ್ಲಿ ಇರಬಾರದ ವಸ್ತುವೊಂದು ಇತ್ತು.

ಪೇಂಟರನ ಗುರು ಒಬ್ಬ ಮುದುಕ. ಊರಿನ ಹಳೆಯ ಬೋರ್ಡುಗಳೆಲ್ಲ ಆತನ ಕೈಯವು. ಸಾಯುವ ಮುಂಚೆ ಆತ ಶಿಷ್ಯನಿಗೆ ತನ್ನ ಕುಂಚವನ್ನು ಕೊಟ್ಟ. ಅಳಿಲ ಬಾಲದ ಕೂದಲಿನದು. ಅದರ ಹಿಡಿಯಲ್ಲಿ ಐವತ್ತು ವರ್ಷ ಹೆಬ್ಬೆರಳು ಕೂತು ಕೂತು ಒಂದು ಗುಳಿಯೇ ಬಿದ್ದಿತ್ತು. ಜೊತೆಗೆ ಒಂದು ಮಾತನ್ನೂ ಕೊಟ್ಟ: ಬರೆಯುವ ಕೈಯಿಂದ ಮನಸ್ಸೊಪ್ಪದ್ದನ್ನು ಬರೆಯಬೇಡ. ಶಿಷ್ಯ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡನೆಂದರೆ, ಹಾಲಿನ ಅಂಗಡಿಯವನು ‘ಶುದ್ಧ ಹಾಲು’ ಎಂದು ಬರೆಯಲು ಹೇಳಿದಾಗ, ‘ಹಾಲು’ ಅಷ್ಟನ್ನು ಬರೆದು ಇಳಿದುಬಂದಿದ್ದ. ‘ಶುದ್ಧ’ದ ಜಾಗ ಇಂದಿಗೂ ಆ ಬೋರ್ಡಿನಲ್ಲಿ ಖಾಲಿಯಿದೆ. ಇಂಥವನ ಜೊತೆ ಸಂಸಾರ ಸುಲಭವಲ್ಲ. ಮನಸ್ಸೊಪ್ಪದ ಕೆಲಸಗಳಿಗೇ ಜಗತ್ತಿನಲ್ಲಿ ಹೆಚ್ಚು ಕೂಲಿ.

ಕೋರ್ಟಿನ ದಿನ ಅವನು ಪೆನ್ನು ತೆಗೆದುಕೊಂಡವನು, ಅವಳನ್ನೊಮ್ಮೆ ನೋಡಿ, ಪೆನ್ನನ್ನು ಬಲಗೈಯಿಂದ ಎಡಗೈಗೆ ದಾಟಿಸಿದ. ವಕೀಲರಿಗೆ ಅದು ಅರ್ಥವಾಗಲಿಲ್ಲ, ಅವಳಿಗೆ ಆಯಿತು. ಬಾಯಲ್ಲಿ ಒಪ್ಪಿದೆ, ಮನಸ್ಸಲ್ಲಿ ಒಪ್ಪಿಲ್ಲ ಎಂದು ಅವನು ನಾಲ್ಕು ಜನರ ಎದುರು ಅವಳ ಮುಖಕ್ಕೆ ಹೇಳಿದಂತಿತ್ತು. ಅವಳಿಗೆ ಮೈಯೆಲ್ಲ ಉರಿಯಿತು. ಮರುದಿನ ಅವನ ಅಂಗಡಿಯಿಂದ ತನ್ನ ಪೆಟ್ಟಿಗೆ ತರಲು ಹೋದಾಗ, ಅವನು ಒಳಗಿಲ್ಲದ ಗಳಿಗೆ ನೋಡಿ, ತಗಡಿನ ಡಬ್ಬಿಯಿಂದ ಆ ಕುಂಚವನ್ನು ಎತ್ತಿಕೊಂಡಳು. ಒಂದು ವಾರ ಹುಡುಕಲಿ, ಆಮೇಲೆ ಕೊಟ್ಟರಾಯಿತು ಎಂದುಕೊಂಡಿದ್ದಳು.

ಅವನು ಹುಡುಕಿದ. ಹುಡುಕಿ ಸಾಕಾಗಿ ತನ್ನ ಜೊತೆಗಾರನ ಮೇಲೆ ಗುಮಾನಿಪಟ್ಟ. ಆ ಜೊತೆಗಾರ ಉದ್ದನೆಯ ಆಳು; ಸದಾ ಏಣಿಯ ಬುಡ ಹಿಡಿದು ನಿಲ್ಲುತ್ತಿದ್ದುದರಿಂದ ಏಣಿ ಎಂದೇ ಹೆಸರು. ಹದಿನೈದು ವರ್ಷ ಒಟ್ಟಿಗೆ ಉಂಡವರು. “ನಿನ್ನ ಬಿಟ್ರೆ ಇಲ್ಲಿಗೆ ಯಾರು ಬರ್ತಾರೆ?” ಎಂದ ಒಂದೇ ಮಾತಿಗೆ ಏಣಿ ಚಪ್ಪಲಿ ಮೆಟ್ಟಿ ಹೊರಟವನು ಮತ್ತೆ ತಿರುಗಿ ನೋಡಲಿಲ್ಲ. ಈಗ ಯಾವುದೋ ಮಳಿಗೆಯಲ್ಲಿ ಯಂತ್ರ ಕತ್ತರಿಸಿದ ಪ್ಲಾಸ್ಟಿಕ್ ಅಕ್ಷರ ಅಂಟಿಸುತ್ತಾನಂತೆ. ಇದು ಕಿವಿಗೆ ಬಿದ್ದ ಮೇಲೆ ಕುಂಚ ಹಿಂದಿರುಗಿಸುವುದು ಹಲ್ಲಮ್ಮನಿಗೆ ಕಷ್ಟವಾಯಿತು. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಕುಂಚ ಅವಳ ಮೇಜಿನ ಮೇಲೆ ದವಡೆಯ ಅಚ್ಚುಗಳ ಪ್ಲಾಸ್ಟರ್ ಪುಡಿ ಜಾಡಿಸತೊಡಗಿತು. ಆ ಗುಳಿಯಲ್ಲಿ ಅವಳ ಹೆಬ್ಬೆರಳೂ ಸರಿಯಾಗಿ ಕೂರುತ್ತಿತ್ತು.

ಪೇಂಟರ್ ಅಂಗಡಿಯಲ್ಲೇ ಇದ್ದ. ಶಾಲೆಯೊಂದರ ಉದ್ದನೆಯ ಹಲಗೆಯನ್ನು ಗೋಡೆಗೆ ಒರಗಿಸಿ ಸೀಮೆಸುಣ್ಣದ ದಾರದಿಂದ ಗೆರೆ ಹೊಡೆಯುತ್ತಿದ್ದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಬಣ್ಣ ಮೆತ್ತಿದ್ದೇನೋ ಎಂದು ಅವಳು ಎರಡು ಸಲ ನೋಡಿದಳು. ಬಾಗಿಲಲ್ಲಿ ನಿಂತು ಅವನನ್ನು ಏನೆಂದು ಕರೆಯುವುದೋ ತಿಳಿಯಲಿಲ್ಲ. ‘ರೀ’ ಎನ್ನುವುದು ಈಗ ಬೇರೆಯವನ ಸ್ವತ್ತು.

“ಪೇಂಟರೇ,” ಎಂದಳು.

ಅವನು ದಾರ ಬಿಡದೆ ತಿರುಗಿದ. “ಏನು ಹಲ್ಲಮ್ಮ, ದಾರಿ ತಪ್ಪಿ ಬಂದ್ಯಾ? ಕಡಲು ಆ ಕಡೆ.”

“ಸಹಿ ಹೊಂದಲ್ವಂತೆ.”

“ಯಾರದು, ನನ್ನದಾ?” ಅವನು ನಕ್ಕ. “ಅರ್ಧ ಊರಿನ ಹೆಸರು ಬರೆದವನಿಗೆ ತನ್ನ ಹೆಸರು ಬರೆಯಕ್ಕೆ ಬರಲ್ವಂತಾ?”

ಅವಳು ಖಾಲಿ ನಮೂನೆಯನ್ನೂ ಕೋರ್ಟಿನ ಕಾಗದವನ್ನೂ ಬಿಡಿಸಿ ಪಕ್ಕದ ಮೇಜಿನ ಮೇಲಿಟ್ಟಳು. “ಇದರ ಥರಾನೇ ಬೇಕಂತೆ. ನಾಲ್ಕು ಗಂಟೆಯೊಳಗೆ.”

ಅವನು ಬಹಳ ಹೊತ್ತು ನೋಡಿದ. ನಗು ಮೆಲ್ಲನೆ ಇಳಿದುಹೋಯಿತು. “ಇದು ನನ್ನ ಸಹಿ ಅಲ್ಲ, ನನ್ನ ಸಿಟ್ಟು. ಇದನ್ನ ಹನ್ನೊಂದು ವರ್ಷ ಜೋಪಾನ ಮಾಡಿ ಇಟ್ಕೊಂಡಿದಾರಾ ಇವರು?”

“ನನಗೇನು ಗೊತ್ತು.”

“ಭಾನುವಾರ ಮಾಡಿದ್ದು ಮನಸ್ಸಿಟ್ಟು ಮಾಡಿದ್ದು ಕಣೇ. ಮಗು ಎದುರಿಗೆ ಕೂತಿತ್ತು. ಹೋಗಲಿ, ಚೆನ್ನಾಗಿರಲಿ ಅಂತ ಬಲಗೈಲಿ ಬರೆದೆ. ಅದು ಬೇಡ್ವಂತೆ, ಇದು ಬೇಕಂತೆ.” ಅವನು ಕೈ ಒರೆಸಿಕೊಂಡ. “ನೀನಾದ್ರೂ ಅವತ್ತೇ ಬರಬಹುದಿತ್ತು. ಮಗೂನ ಕಳಿಸಿದೆ. ಅದರ ಮುಖ ನೋಡಿ ಇವನು ಇಲ್ಲ ಅನ್ನಲ್ಲ ಅಂತ ಯೋಚನೆ ಮಾಡಿಯೇ ಕಳಿಸಿದೆ, ಅಲ್ವಾ?”

ಹಲ್ಲಮ್ಮ ಕಾಗದದ ಮಡಿಕೆಯನ್ನು ಬೆರಳಿನಿಂದ ತೀಡಿದಳು. ಮಾತು ನಿಜವಾಗಿತ್ತು.

“ಎಷ್ಟು ವರ್ಷ?”

“ಮೂರು.”

“ಅಷ್ಟೊತ್ತಿಗೆ ಅವಳಿಗೆ ಹದಿನಾರು. ಬಂದು ಬಾಗಿಲಲ್ಲಿ ನಿಂತ್ಕೊಂಡು, ಅಪ್ಪ ನಿಮ್ಮ ವೈಫೈ ಪಾಸ್‌ವರ್ಡ್ ಏನು ಅಂತಾಳೆ.” ತನ್ನ ಮಾತಿಗೆ ತಾನೇ ನಗಲಿಲ್ಲ. “ಹೋಗಕ್ಕೆ ಅವಳಿಗೆ ಇಷ್ಟಾನಾ?”

ಸುಳ್ಳು ಹೇಳಿದ್ದರೆ ಅವನಿಗೆ ಹಿತವಾಗುತ್ತಿತ್ತೇನೋ. “ಹೂಂ,” ಎಂದಳು.

ಅವನು ಸ್ಟೂಲು ಎಳೆದು ಕೂತ. ಬಣ್ಣದಂಗಡಿಯ ಬಿಲ್ಲಿನ ಹಿಂಬದಿಯಲ್ಲಿ, ಎಡಗೈಯಲ್ಲಿ ಪೆನ್ನು ಹಿಡಿದು ಬರೆಯಲು ನೋಡಿದ. ಪೆನ್ನು ಬೆರಳುಗಳ ನಡುವೆ ನಿಲ್ಲಲಿಲ್ಲ. ಮಣಿಕಟ್ಟು ಒಂದು ಕಡೆಗೆ ಸೊಟ್ಟಗೆ ಕೂಡಿಕೊಂಡಿತ್ತು, ಅತ್ತಿತ್ತ ತಿರುಗುತ್ತಿರಲಿಲ್ಲ. ಮೂರು ಸಲ ಬರೆದ. ಮೂರೂ ಸಲ ಗೆರೆ ಕಾಗದದ ಅಂಚಿನಿಂದಾಚೆ ಜಾರಿತು.

“ಏನಾಯ್ತು ಕೈಗೆ?” ಎಂದು ಕೇಳಿದಳು. ಕೇಳುವಾಗಲೇ ಉತ್ತರ ಅವಳಿಗೆ ತಿಳಿದಿತ್ತು. ಆರು ವರ್ಷದ ಹಿಂದೆ ಚುಕ್ಕಿ, ಅಪ್ಪ ಬಿದ್ದರಂತೆ, ಕೈ ಮುರಿದಿದೆಯಂತೆ ಎಂದು ಅಳುತ್ತ ಬಂದಿದ್ದಳು.

“ಔಷಧಿ ಅಂಗಡಿ ಬೋರ್ಡು. ಎರಡಾಳೆತ್ತರ. ಏಣಿ ಜಾರ್ತು. ಕೆಳಗೆ ಹಿಡ್ಕೊಳ್ಳೋರು ಯಾರಿದ್ರು?” ಅವನು ಬೇಜಾರಿಲ್ಲದೆ ಹೇಳಿದ. “ಪುಣ್ಯಕ್ಕೆ ಎಡಗೈ ಅಂತ ಎಲ್ಲರೂ ಅಂದ್ರು. ಕೂಡಿಸಿದವನು ಸೊಟ್ಟಗೆ ಕೂಡಿಸಿದ. ನಾನೂ ಬಿಟ್ಟೆ. ಈ ಕೈ ಇನ್ನೊಂದು ಸಲ ಬೇಕಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?”

ಹಲ್ಲಮ್ಮನ ಕೈ ಕೈಚೀಲದ ಜಿಪ್ಪಿನ ಮೇಲಿತ್ತು. ಒಳಗೆ ಕರವಸ್ತ್ರ, ಕರವಸ್ತ್ರದೊಳಗೆ ಕುಂಚ. ಕುಂಚದಿಂದ ಏಣಿಗೆ, ಏಣಿಯಿಂದ ಈ ಮಣಿಕಟ್ಟಿಗೆ, ಮಣಿಕಟ್ಟಿನಿಂದ ತನ್ನ ಮಗಳ ಕಾಗದಕ್ಕೆ. ದೇವರು ಸುಮ್ಮನೆ ನೋಡಿಕೊಂಡಿರುತ್ತಾನೆ ಎಂದು ಅವಳು ತಿಳಿದಿದ್ದಳು. ಸುಮ್ಮನೆ ಇರಲಿಲ್ಲ ಅವನು. ಕೊಟ್ಟುಬಿಡಲೇ ಎಂದುಕೊಂಡಳು. ಈಗ ಕೊಟ್ಟರೆ ಇವನು ಎದ್ದು ಕಾಗದ ಹರಿದರೆ? ಗೋಡೆಯ ಗಡಿಯಾರ ಎರಡೂ ಕಾಲು ತೋರಿಸುತ್ತಿತ್ತು. ಅವಳು ಜಿಪ್ಪನ್ನು ಇನ್ನಷ್ಟು ಬಿಗಿಯಾಗಿ ಎಳೆದಳು.

ಪೇಂಟರ್ ಕೋರ್ಟಿನ ಕಾಗದವನ್ನು ಎತ್ತಿಕೊಂಡು ತಲೆಕೆಳಗೆ ತಿರುಗಿಸಿ ಎದುರಿಗಿಟ್ಟುಕೊಂಡ. ಖಾಲಿ ನಮೂನೆಯನ್ನೂ ತಲೆಕೆಳಗೆ ಮಾಡಿದ.

“ಯಾಕೆ ಹೀಗೆ?”

“ನೆಟ್ಟಗಿಟ್ರೆ ಅಕ್ಷರ ಕಾಣುತ್ತೆ, ಕೈ ತನ್ನ ಬುದ್ಧಿ ತೋರಿಸುತ್ತೆ. ತಲೆಕೆಳಗಿಟ್ರೆ ಬರೀ ಗೆರೆ. ಬೇರೆಯವರ ಅಕ್ಷರ ಇಳಿಸೋದು ಹೀಗೇ.” ಪೆನ್ನು ಬಲಗೈಗೆ ಬಂತು. “ಗುರುಗಳು ಹೋಗಿಬಿಟ್ಟಿದಾರೆ, ಬಚಾವು.”

ಅವನು ಉಸಿರು ಬಿಗಿಹಿಡಿದ. ಬಲಗೈ ಒಂದೊಂದೇ ಗೆರೆಯನ್ನು ನಡುಗಿಸುತ್ತ, ಮುರಿಯುತ್ತ, ಬೇಕೆಂದೇ ಎಡವುತ್ತ ಕಾಗದದ ಮೇಲೆ ಹೋಯಿತು. ಅಷ್ಟು ಕೆಟ್ಟದಾಗಿ ಬರೆಯಲು ಅವನಿಗೆ ಅವನ ಕಸುಬೆಲ್ಲ ಬೇಕಾಯಿತು. ಹನ್ನೊಂದು ವರ್ಷದ ಹಿಂದಿನ ಆ ಸಿಟ್ಟು, ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಮತ್ತೆ ಹುಟ್ಟಿಬಂತು. ತನ್ನದೇ ಸಹಿಯನ್ನು ಅವನು ನಕಲು ಮಾಡಿದ್ದ.

“ತಗೋ,” ಎಂದು ಕಾಗದ ಚಾಚಿ, ಅವಳ ಮುಖ ನೋಡದೆ ಸೀಮೆಸುಣ್ಣದ ದಾರಕ್ಕೆ ಕೈಹಾಕಿದ. “ಹೋಗು. ಬಸ್ಸು ತಪ್ಪುತ್ತೆ.”

ಕಚೇರಿಗೆ ತಲುಪಿದಾಗ ನಾಲ್ಕಕ್ಕೆ ಹದಿನೈದು ನಿಮಿಷವಿತ್ತು. ಗುಮಾಸ್ತೆ ಎರಡು ಕಾಗದವನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಳು. ಒಮ್ಮೆ ನೋಡಿದಳು, ಅಷ್ಟೇ.

“ನೋಡಿ, ಈಗ ಸರಿಹೋಯ್ತು. ಇದು ಅವರ ನಿಜವಾದ ಸಹಿ. ಅದ್ಯಾರೋ ಬರೆದಿದ್ದನ್ನ ತಂದು ನಮ್ಮ ಕಣ್ಣಿಗೆ ಮಣ್ಣು ಹಾಕಕ್ಕೆ ನೋಡಿದ್ರಲ್ಲ.” ಮೊಹರು ಬಿತ್ತು. ಭಾನುವಾರದ ಹಂಸದ ಸಹಿಯನ್ನು ಅವಳು ಅಡ್ಡಗೆರೆ ಎಳೆದು ರದ್ದು ಮಾಡಿದಳು.

ಮೆಟ್ಟಿಲ ಮೇಲೆ ನಿಂತು ಹಲ್ಲಮ್ಮ ಗಂಡನಿಗೆ ಫೋನು ಮಾಡಿದಳು.

“ಆಯ್ತಾ?” ಎಂದ ಅವನು. ಹಿಂದೆ ಚುಕ್ಕಿ ಕುಣಿಯುವ ಸದ್ದು ಕೇಳಿಸಿತು. “ನಿನ್ನ ಪೆಟ್ಟಿಗೇನೂ ಆಯ್ತು ಕಣೇ, ಇಪ್ಪತ್ತೆರಡೂ ಮುಕ್ಕಾಲು. ಇನ್ನು ಕಾಲು ಕಿಲೋ ಜಾಗ ಇದೆ. ಏನಾದ್ರೂ ಹಾಕ್ಬೇಕಾ?”

“ಇಲ್ಲ ರೀ,” ಎಂದಳು. “ಏನೂ ಇಲ್ಲ.”

ಮನೆಯ ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ. ಇನ್ನು ಯಾರೂ ಏನೂ ಕೇಳುವವರಿರಲಿಲ್ಲ. ಕುಂಚವನ್ನು ಕಸದ ತೊಟ್ಟಿಗೆ ಹಾಕಿದ್ದರೂ ನಡೆಯುತ್ತಿತ್ತು. ಒಂಬತ್ತು ದಿನದಲ್ಲಿ ಕಡಲು ಅಡ್ಡ ಬರುತ್ತಿತ್ತು. ಅವಳು ಅದನ್ನೂ ಯೋಚಿಸಿದಳು, ಸುಳ್ಳೇಕೆ. ತೊಟ್ಟಿಯೊಂದು ಅಲ್ಲೇ ಬಾಯಿ ತೆರೆದುಕೊಂಡು ಪಕ್ಕದಲ್ಲಿತ್ತು. ಇನ್ನೊಂದು ಬಸ್ಸು ಬಂದಾಗ ಹತ್ತಿದಳು. ಅದು ಪೇಂಟರನ ಬೀದಿಗೆ ಹೋಗುವ ಬಸ್ಸು.

ಅವನು ಅಂಗಡಿಯ ಹೊರಗೆ ಏಣಿಯ ಮೇಲಿದ್ದ. ಪಕ್ಕದ ಕ್ಷೌರದಂಗಡಿಯ ಬೋರ್ಡಿನಲ್ಲಿ ಮಾಸಿದ ಒಂದು ಅಕ್ಷರವನ್ನು ತಿದ್ದುತ್ತಿದ್ದ. ಏಣಿಯ ಬುಡವನ್ನು ಗೋಡೆಯ ಕೊಳಾಯಿಗೆ ಹಗ್ಗದಿಂದ ಕಟ್ಟಿದ್ದ. ಸೊಟ್ಟಗಿನ ಎಡಗೈ ಮೇಲಿನ ಮೆಟ್ಟಿಲನ್ನು ತಬ್ಬಿಕೊಂಡಿತ್ತು. ಹಲ್ಲಮ್ಮ ಕೆಳಗೆ ನಿಂತು ಎರಡೂ ಕೈಯಿಂದ ಏಣಿಯನ್ನು ಹಿಡಿದುಕೊಂಡಳು. ಏಣಿ ಅಲುಗುವುದು ನಿಂತಿದ್ದು ತಿಳಿದು ಅವನು ಕೆಳಗೆ ನೋಡಿದ. ಅಕ್ಷರವನ್ನು ಮುಗಿಸಿ ಇಳಿದುಬಂದ.

“ಮತ್ತೆ ಹೊಂದಲಿಲ್ವಾ?”

“ಹೊಂದಿತು. ಮೊಹರು ಬಿತ್ತು.”

“ಮತ್ತೇನು?”

ಅವಳು ಜಿಪ್ಪು ತೆಗೆದು ಕರವಸ್ತ್ರವನ್ನು ಹೊರತೆಗೆದಳು. ಒಂದೊಂದೇ ಮಡಿಕೆ ಬಿಡಿಸಿದಳು. ಅಳಿಲ ಬಾಲದ ಕೂದಲು ಅರ್ಧಕ್ಕರ್ಧ ಉದುರಿತ್ತು. ಉಳಿದದ್ದು ಪ್ಲಾಸ್ಟರ್ ಹಿಡಿದು ಮುದುಕನ ಮೀಸೆಯಂತೆ ಬಿಳಿಯ ಗಂಟಾಗಿತ್ತು. ಹಿಡಿಯ ಗುಳಿ ಮಾತ್ರ ಹಾಗೆಯೇ ಇತ್ತು, ಇನ್ನೂ ಸ್ವಲ್ಪ ಆಳವಾಗಿ.

“ಏಣಿ ತಗೊಂಡಿರಲಿಲ್ಲ,” ಎಂದಳು.

ಪೇಂಟರ್ ಕುಂಚವನ್ನು ನೋಡಿದ. ಅವಳನ್ನು ನೋಡಿದ. ಬೀದಿಯ ಆ ತುದಿಯತ್ತ, ಮಂಜಿನಲ್ಲಿ ಕರಗಿಹೋದ ಬೋರ್ಡುಗಳ ಕಡೆಗೆ, ಬಹಳ ಹೊತ್ತು ನೋಡಿದ. ಅವನ ದವಡೆ ಒಮ್ಮೆ ಬಿಗಿಯಿತು. ದವಡೆಗಳನ್ನೇ ನೋಡಿ ಬದುಕಿದವಳಿಗೆ, ಬರಲಿದ್ದ ಮಾತನ್ನು ಅವನು ಕಚ್ಚಿ ಹಿಡಿದದ್ದು ತಿಳಿಯಿತು. ಆ ಮಾತು ಬಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಅದನ್ನು ಕೊಡಲಿಲ್ಲ.

ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ. ಅವಳು ಹಿಡಿಯ ತುದಿ ಅವನ ಕಡೆಗೆ ಬರುವಂತೆ ಕುಂಚವನ್ನು ತಿರುಗಿಸಿ, ಆ ಕೈಯಲ್ಲಿಟ್ಟಳು.